ಮೂರು ಬದನೆ, ಒಂದೇ ಮಣ್ಣು: ತಾರಸಿಯಲ್ಲಿ ತಳಿ ಹೋಲಿಸಿ ನೋಡುವುದು ಹೇಗೆ?

ಬೀಜ ಮೇಳದಿಂದ ವಾಪಸ್ ಬರುವವರ ಕೈಚೀಲ ಒಮ್ಮೆ ಇಣುಕಿ ನೋಡಿ. ಬಿಳಿ ಬದನೆ, ಹಸಿರು ಬದನೆ, ಗುಳ್ಳ, ಮುಳ್ಳು ಬದನೆ, ಗೊಂಚಲು ಬದನೆ, ಎಲ್ಲದರದ್ದೂ ಒಂದೊಂದು ಪೊಟ್ಟಣ. ಮನೆಗೆ ಬಂದು ತಳಿಗೊಂದರಂತೆ ಗಿಡ ಹಾಕುತ್ತಾರೆ. ಒಂದಕ್ಕೆ ಹುಳ ಬೀಳುತ್ತದೆ, ಇನ್ನೊಂದು ನೀರಿನ ಟ್ಯಾಂಕಿನ ನೆರಳಲ್ಲಿ ಸೊರಗುತ್ತದೆ, ಮತ್ತೊಂದರ ಹೆಸರೇ ಮರೆತುಹೋಗುತ್ತದೆ. ಕೊನೆಗೆ ಯಾವುದು ಚೆನ್ನಾಗಿತ್ತು ಅಂತ ಕೇಳಿದರೆ, ‘ಎಲ್ಲಾ ಚೆನ್ನಾಗೇ ಇತ್ತು’ ಅನ್ನುವ ಉತ್ತರ. ಇದು ಹೋಲಿಕೆ ಅಲ್ಲ, ಸುಮ್ನೆ ಸಂಗ್ರಹ.

ನಿಜವಾಗಿ ಹೋಲಿಸಬೇಕು ಅಂದರೆ ಹತ್ತು ತಳಿಯ ಒಂದೊಂದು ಗಿಡಕ್ಕಿಂತ ಮೂರು ತಳಿಯ ನಾಲ್ಕು ನಾಲ್ಕು ಗಿಡ ಎಷ್ಟೋ ಮೇಲು. ಒಂದು ಗಿಡ ಕೆಟ್ಟರೂ ಉಳಿದ ಮೂರು ಆ ತಳಿಯ ಗುಣ ಹೇಳುತ್ತವೆ. ಹನ್ನೆರಡು ಗ್ರೋ ಬ್ಯಾಗ್‌ಗೆ ಜಾಗ ಇದ್ದರೆ ಸಾಕು.

ಬದನೆಯೇ ಯಾಕೆ? ನಮ್ಮಲ್ಲಿ ಊರಿಗೊಂದು ಬದನೆ ಇದೆ, ಅದಕ್ಕೆ. ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅದು ಅಂತ ಅಲ್ಲಿನವರ ನಂಬಿಕೆ. ಮೈಸೂರಿಗೆ ಈರನಗೆರೆ ಬದನೆ ಇದೆ, ಈಗ ಮಾರ್ಕೆಟ್‌ನಲ್ಲಿ ಹುಡುಕಬೇಕಷ್ಟೆ. ಉತ್ತರ ಕರ್ನಾಟಕಕ್ಕೆ ಹೋದರೆ ತೊಟ್ಟಿನಲ್ಲಿ ಮುಳ್ಳಿರುವ ಮುಳಗಾಯಿ. ಅದಿಲ್ಲದೆ ಜೋಳದ ರೊಟ್ಟಿ ಊಟ ಊಟವೇ ಅಲ್ಲ ಅನ್ನುವವರಿದ್ದಾರೆ. ಕಾಯಿ ಕೊರೆಯುವ ಹುಳ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಬದನೆಯ ಗಲಾಟೆ ನೆನಪಿದೆಯಾ? ಆಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆ ಜೀನ್ ಸೇರಿಸಲು ತೆಗೆದುಕೊಂಡದ್ದರಲ್ಲಿ ಮಾಳಾಪುರ, ಕುಡಚಿ, ಉಡುಪಿಯ ನಾಟಿ ತಳಿಗಳೇ ಇದ್ದವು. 2010ರಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿದ್ದರಿಂದ ಅವು ಹೊಲಕ್ಕೆ ಬರಲಿಲ್ಲ.

ತಳಿ ಆರಿಸುವುದು

ಗುಳ್ಳ, ಮುಳಗಾಯಿ ಥರದ ಎರಡು ನಾಟಿ ತಳಿ ಮತ್ತು ಅಳತೆಗೋಲಿಗೆ ಒಂದು ಗೊತ್ತಿರುವ ತಳಿ, ಹೀಗೆ ತೆಗೆದುಕೊಳ್ಳಿ. ಅಳತೆಗೋಲು ಇಲ್ಲದಿದ್ದರೆ ಗುಳ್ಳ ಕಡಿಮೆ ಕಾಯಿ ಬಿಟ್ಟಾಗ ಅದು ತಳಿಯ ಗುಣವೋ ನಿಮ್ಮ ಮಣ್ಣಿನ ಗುಣವೋ ಅಂತ ಹೇಳಲು ಆಗುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ಈ ಕೆಲಸಕ್ಕೆ ಸರಿ. ಅರ್ಕಾ ಶಿರೀಷ್ ಉದ್ದನೆಯ ಹಸಿರು ಬದನೆ. ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ ಈ ಮೂರೂ ಸೊರಗು ರೋಗ ತಡೆಯುತ್ತವೆ. ಕರಾವಳಿಯವರು ಇವುಗಳಲ್ಲೇ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಅಲ್ಲಿನ ಹುಳಿಮಣ್ಣಿನಲ್ಲಿ ಆ ರೋಗದ ಕಾಟ ಜಾಸ್ತಿ. ಅರ್ಕಾ ಆನಂದ್ ಹೈಬ್ರಿಡ್. ಬೆಳೆದು ತಿನ್ನಲು ಅಡ್ಡಿಯಿಲ್ಲ, ಆದರೆ ಅದರ ಬೀಜ ಹಿಡಿದಿಟ್ಟರೆ ಮುಂದಿನ ಸಲ ಅದೇ ಕಾಯಿ ಬರುವುದಿಲ್ಲ.

ನಾಟಿ ಬೀಜಕ್ಕೆ ಬೆಂಗಳೂರಿನ ಸಹಜ ಸಮೃದ್ಧ, ಶಿರಸಿ ಕಡೆಯ ವನಸ್ತ್ರೀ ಇಂಥ ಬೀಜ ಉಳಿಸುವ ಬಳಗಗಳಿವೆ. ಇನ್ನೊಂದು ಮಾತು. ಮಟ್ಟು ಗುಳ್ಳದ ಬೀಜ ತಂದು ರಾಜಾಜಿನಗರದ ತಾರಸಿಯಲ್ಲಿ ಬೆಳೆದರೆ ಅದು ಮಟ್ಟು ಗುಳ್ಳ ಆಗುವುದಿಲ್ಲ. ಜಿಐ ಇರುವುದು ಬೀಜಕ್ಕೆ ಮಾತ್ರ ಅಲ್ಲ, ಆ ನೆಲಕ್ಕೂ ಸೇರಿ. ನೀವು ನೋಡುತ್ತಿರುವುದು ಆ ತಳಿ ನಿಮ್ಮ ಮನೆಯಲ್ಲಿ ಹೇಗೆ ಬರುತ್ತದೆ ಅನ್ನುವುದನ್ನು, ಅಷ್ಟೇ.

ಬಿತ್ತನೆ, ಹೆಸರು, ಮಣ್ಣು

ಮೂರೂ ತಳಿಯನ್ನು ಒಂದೇ ದಿನ ಬಿತ್ತಿ. ಒಳನಾಡಿನಲ್ಲಿ ಜೂನ್ ಆಗುತ್ತದೆ, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್. ಕರಾವಳಿಯವರು ಮಳೆ ಕಳೆಯುವವರೆಗೆ ಕಾಯಿರಿ. ಮಡಿಯಲ್ಲೋ ಸಸಿ ಟ್ರೇಯಲ್ಲೋ ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ, ಮೇಲೆ ತೆಳ್ಳಗೆ ಎರೆಗೊಬ್ಬರ ಉದುರಿಸಿ. ವಾರ-ಹತ್ತು ದಿನದಲ್ಲಿ ಮೊಳಕೆ. ನಾಲ್ಕೈದು ವಾರಕ್ಕೆ ಸಸಿ ಕಿತ್ತು ನೆಡಬಹುದು.

ಹೆಸರಿನ ಚೀಟಿ ಈಗಲೇ ಮಾಡಿ. ಮೊಸರಿನ ಡಬ್ಬಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಆಯಿತು. ಆದರೆ ಬರೆಯುವುದು ಪೆನ್ಸಿಲ್‌ನಲ್ಲಿ. ಮಾರ್ಕರ್ ಶಾಯಿ ಬಿಸಿಲಿಗೆ ಒಂದೆರಡು ತಿಂಗಳಲ್ಲಿ ಹಾರಿಹೋಗುತ್ತದೆ, ಪೆನ್ಸಿಲ್ ಗೀರು ಹಾಗೇ ಉಳಿಯುತ್ತದೆ. ಪ್ಲಾಸ್ಟಿಕ್ ತುಂಬ ನುಣುಪಾಗಿದ್ದರೆ ಉಪ್ಪುಕಾಗದದಲ್ಲಿ ಒಮ್ಮೆ ಉಜ್ಜಿಕೊಳ್ಳಿ. ಸಸಿ ಇದ್ದಾಗ ಮೂರೂ ಒಂದೇ ಥರ ಕಾಣುತ್ತವೆ, ಆಮೇಲೆ ಗುರುತು ಹಿಡಿಯುತ್ತೇನೆ ಅನ್ನುವ ಧೈರ್ಯ ಬೇಡ.

ಹನ್ನೆರಡು ಬ್ಯಾಗ್‌ಗೂ ಆಗುವಷ್ಟು ಮಣ್ಣು, ಕೊಟ್ಟಿಗೆ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಪಾಲು ತೆಗೆದು ಒಂದೇ ಗುಡ್ಡೆ ಮಾಡಿ ಕಲಸಿ. ಇವತ್ತು ನಾಲ್ಕು ಬ್ಯಾಗ್, ಮುಂದಿನ ಭಾನುವಾರ ನಾಲ್ಕು ಅಂತ ಬೇರೆ ಬೇರೆ ಗೊಬ್ಬರ ಹಾಕಿದರೆ ಹೋಲಿಕೆ ಅಲ್ಲೇ ಕೆಟ್ಟಿತು. ಬ್ಯಾಗ್ ಕನಿಷ್ಠ ಹದಿನೈದು ಇಂಚು ಅಗಲ ಇರಲಿ, ಬ್ಯಾಗಿಗೆ ಒಂದೇ ಸಸಿ. ಹೋದ ವರ್ಷ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಮಣ್ಣು ಬೇಡ. ಎಲ್ಲಾ ಬದನೆಯ ಕುಟುಂಬದವೇ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ.

ಇಡುವ ಜಾಗದ್ದೂ ಒಂದು ಲೆಕ್ಕ ಇದೆ. ಒಂದು ತಳಿಯ ನಾಲ್ಕೂ ಬ್ಯಾಗ್ ಒಂದೇ ಕಡೆ ಸಾಲಾಗಿ ಇಟ್ಟರೆ ನೋಡಲು ಚೆಂದ, ಆದರೆ ಗೋಡೆ ಪಕ್ಕದ ತಳಿಗೆ ಅರ್ಧ ದಿನ ನೆರಳು. ಅದರ ಬದಲು ಮೂರು ಮೂರರ ನಾಲ್ಕು ಸಾಲು ಮಾಡಿ, ಪ್ರತಿ ಸಾಲಿನಲ್ಲೂ ತಳಿಗೊಂದು ಗಿಡ. ಮೊದಲ ಸಾಲಿನಲ್ಲಿ ಗುಳ್ಳ ಎಡಕ್ಕಿದ್ದರೆ ಎರಡನೆಯದರಲ್ಲಿ ನಡುವೆ, ಮೂರನೆಯದರಲ್ಲಿ ಬಲಕ್ಕೆ. ಬಿಸಿಲು, ಗಾಳಿ, ನೆರಳು ಎಲ್ಲರಿಗೂ ಹಂಚಿಹೋಗುತ್ತದೆ. ಕೃಷಿ ಸಂಶೋಧನಾ ಕೇಂದ್ರಗಳ ತಾಕುಗಳಲ್ಲಿ ತಳಿಗಳನ್ನು ಬೆರೆಸಿ ಹಾಕುವುದೂ ಇದಕ್ಕೇ.

ಹೂವಿನ ಒಳಗೆ ನೋಡಿ

ನೆಟ್ಟ ಮೇಲೆ ನೀರು, ಹದಿನೈದು ದಿನಕ್ಕೊಮ್ಮೆ ಒಂದೊಂದು ಬೊಗಸೆ ಎರೆಗೊಬ್ಬರ, ಎಲ್ಲಕ್ಕೂ ಒಂದೇ ಅಳತೆ. ಇದರಲ್ಲಿ ಹೇಳುವಂಥದ್ದು ಏನಿಲ್ಲ.

ಹೂ ಬಂದ ಮೇಲೆ ಶುರುವಾಗುತ್ತದೆ ಮಜಾ. ‘ಹೂವೆಲ್ಲ ಉದುರುತ್ತಿದೆ, ಏನು ಹೊಡೆಯಲಿ?’ ಅಂತ ಎಲ್ಲರೂ ಕೇಳುವುದು ಆಗಲೇ. ಏನನ್ನೂ ಹೊಡೆಯುವ ಮೊದಲು ಒಂದು ಹೂವನ್ನು ಹತ್ತಿರದಿಂದ ನೋಡಿ. ನೇರಳೆ ಎಸಳಿನ ನಡುವೆ ಹಳದಿ ಕೇಸರಗಳು ಒತ್ತಾಗಿ ಕೂಡಿ ಶಂಕುವಿನ ಹಾಗೆ ನಿಂತಿರುತ್ತವೆ. ಆ ಶಂಕುವಿನ ತುದಿಯಿಂದ ಹಸಿರು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಸಣ್ಣ ಕಡ್ಡಿ, ಹೊರಗೆ ಚಾಚಿದ್ದರೆ ಆ ಹೂ ಕಾಯಿ ಕಚ್ಚುತ್ತದೆ. ಶಲಾಕೆ ಗಿಡ್ಡವಾಗಿ ಒಳಗೇ ಅಡಗಿದ್ದರೆ ಆ ಹೂ ಉದುರುವುದೇ. ಒಂದೇ ಗಿಡದಲ್ಲಿ ಎರಡೂ ಬಗೆ ಇರುತ್ತವೆ. ಗಿಡ್ಡ ಶಲಾಕೆಯ ಹೂ ಯಾವ ತಳಿಯಲ್ಲಿ ಜಾಸ್ತಿ ಅಂತ ಒಂದು ವಾರ ಎಣಿಸಿ ಬರೆದಿಡಿ. ಇಳುವರಿಯ ಗುಟ್ಟು ಅರ್ಧ ಅಲ್ಲೇ ಇರುತ್ತದೆ.

ಬದನೆಯ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ದೊಡ್ಡ ಕಪ್ಪು ದುಂಬಿ ಬಂದು ಗುಂಯ್ ಅಂತ ಹೂವನ್ನು ನಡುಗಿಸಿದಾಗ ಅದು ಚೆನ್ನಾಗಿ ಉದುರುತ್ತದೆ. ನಾಲ್ಕನೇ ಮಹಡಿಗೆ ದುಂಬಿ ಬರದಿದ್ದರೆ ಬೆಳಗ್ಗೆ ಹೊತ್ತು ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.

ಹುಳದ ಲೆಕ್ಕವೂ ಬೇಕು

ನಿನ್ನೆ ನೆಟ್ಟಗಿದ್ದ ಕುಡಿ ಇವತ್ತು ಜೋತುಬಿದ್ದಿದೆ, ಉಳಿದ ಗಿಡ ಚೆನ್ನಾಗಿದೆ ಅಂದರೆ ಅದು ನೀರಿನ ಕೊರತೆ ಅಲ್ಲ, ಕುಡಿ ಮತ್ತು ಕಾಯಿ ಕೊರೆಯುವ ಹುಳ. ಬಾಡಿದ ಜಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ, ಕುಡಿಯನ್ನು ಸೀಳಿ. ಒಳಗೆ ತಿಳಿ ಗುಲಾಬಿ ಬಣ್ಣದ ಹುಳ ಸಿಗುತ್ತದೆ. ಕೊಂದು ಹಾಕಿ, ಕತ್ತರಿಸಿದ್ದನ್ನು ಕಾಂಪೋಸ್ಟ್ ಗುಂಡಿಗೆ ಮಾತ್ರ ಎಸೆಯಬೇಡಿ. ಕುಡಿ ಹಂತದಲ್ಲೇ ಹೀಗೆ ಹಿಡಿದರೆ ಕಾಯಿಗೆ ಬೀಳುವುದು ಎಷ್ಟೋ ತಗ್ಗುತ್ತದೆ. ಇದರ ಗಂಡು ಪತಂಗ ಹಿಡಿಯಲು ಮೋಹಕ ಬಲೆ ಸಿಗುತ್ತದೆ, ಒಂದು ತಾರಸಿಗೆ ಒಂದು ಸಾಕು.

ಯಾವ ತಳಿಯಲ್ಲಿ ಎಷ್ಟು ಕುಡಿ ಹೋಯಿತು ಅಂತ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋಗಿ. ‘ನಾಟಿ ತಳಿಗೆ ಹುಳ ಬರಲ್ಲ’ ಅನ್ನುವ ಮಾತನ್ನು ಆ ಗೀಟುಗಳೇ ಪರೀಕ್ಷೆ ಮಾಡುತ್ತವೆ. ಅದೇ ಪುಟದಲ್ಲಿ ಮೊದಲ ಹೂವಿನ ದಿನ, ಮೊದಲ ಕೊಯ್ಲಿನ ದಿನ, ಪ್ರತಿ ಸಲ ಕಿತ್ತ ಕಾಯಿ ಎಷ್ಟು, ತೂಕ ಎಷ್ಟು, ಇಷ್ಟು ಬರೆದರೆ ಸಾಕು. ಮೊಬೈಲ್ ಫೋಟೊ ತೆಗೆಯುವುದಾದರೆ ಪಕ್ಕದಲ್ಲಿ ಹೆಸರಿನ ಚೀಟಿ ಕಾಣುವ ಹಾಗೆ ತೆಗೆಯಿರಿ.

ಕೊಯ್ಲು, ಆಮೇಲೆ ಅಡುಗೆಮನೆ

ಸಾಮಾನ್ಯವಾಗಿ ನೆಟ್ಟ ಎರಡು, ಎರಡೂವರೆ ತಿಂಗಳಿಗೆ ಕಾಯಿ ಸಿಗುತ್ತದೆ. ಸಿಪ್ಪೆ ಮಿರಮಿರ ಮಿಂಚುವಾಗಲೇ ಕೀಳಬೇಕು. ಹೊಳಪು ಕುಂದಿತು ಅಂದರೆ ಒಳಗೆ ಬೀಜ ಬಲಿತು ಕಹಿ ಶುರುವಾಗಿದೆ. ಎಷ್ಟೋ ಜನ ‘ಈ ತಳಿ ಕಹಿ’ ಅಂತ ತೀರ್ಮಾನ ಮಾಡುವುದು ಬಲಿತ ಕಾಯಿ ತಿಂದು. ಮೂರೂ ತಳಿಯ ಎಳೆ ಕಾಯಿ ಒಂದೇ ದಿನ ಸಿಗುವವರೆಗೆ ರುಚಿಯ ಮಾತು ಬೇಡ.

ಸಿಕ್ಕ ದಿನ ಮೊದಲು ಒಂದೊಂದನ್ನು ಸೀಳಿ ತಟ್ಟೆಯಲ್ಲಿಟ್ಟು ಹತ್ತು ನಿಮಿಷ ಬಿಡಿ. ಯಾವುದು ಬೇಗ ಕಪ್ಪಾಯಿತು, ಯಾವುದು ಬೆಳ್ಳಗೇ ಉಳಿಯಿತು? ಬೀಜ ಎಷ್ಟು ಒತ್ತಾಗಿದೆ? ಆಮೇಲೆ ಒಂದೇ ಅಳತೆಯ ಹೋಳು ಮಾಡಿ, ಉಪ್ಪು ಖಾರ ಏನೂ ಇಲ್ಲದೆ, ಒಂದೇ ಇಡ್ಲಿ ಪಾತ್ರೆಯಲ್ಲಿ ಬೇರೆ ಬೇರೆ ಕುಳಿಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ. ಸಿಪ್ಪೆ ಬಾಯಿಗೆ ಸಿಗುತ್ತದಾ, ತಿರುಳು ಕರಗುತ್ತದಾ, ಒಗರಿದೆಯಾ ನೋಡಿ. ಮನೆಯವರಿಗೆ ಹೆಸರು ಹೇಳದೆ ತಿನ್ನಿಸಿ. ಮಟ್ಟು ಗುಳ್ಳ ಅಂತ ಮೊದಲೇ ಹೇಳಿದರೆ ಉಡುಪಿ ಕಡೆಯವರು ರುಚಿ ನೋಡುವ ಮುಂಚೆಯೇ ಫಸ್ಟ್ ಪ್ರೈಜ್ ಕೊಟ್ಟಿರುತ್ತಾರೆ!

ಇಷ್ಟು ಮಾಡಿದ ಮೇಲೂ ಯಾವುದು ಗೆದ್ದಿತು ಅಂತ ಬರೆಯಬೇಡಿ. ಹಬೆಯಲ್ಲಿ ಸಪ್ಪೆ ಅನಿಸಿದ ಮುಳಗಾಯಿ ಶೇಂಗಾ, ಗುರೆಳ್ಳು ಮಸಾಲೆ ತುಂಬಿಸಿಕೊಂಡು ಎಣ್ಣೆಗಾಯಿ ಆದಾಗ ಬೇರೆಯೇ ಕಥೆ. ಸಣ್ಣ ಗುಂಡು ಕಾಯಿ, ತುಂಬಲು ಅನುಕೂಲ, ಇಡಿಯಾಗಿ ಬೇಯುತ್ತದೆ. ಗುಳ್ಳವನ್ನು ಬೋಳು ಹುಳಿಯಲ್ಲಿ, ಅಂದರೆ ತೆಂಗಿನಕಾಯಿ ಹಾಕದ ಹುಳಿಯಲ್ಲಿ ನೋಡಬೇಕು. ಉದ್ದ ಹಸಿರು ಬದನೆಯನ್ನು ವಾಂಗಿಭಾತಿನಲ್ಲಿ. ಸುಟ್ಟು ಗೊಜ್ಜು ಮಾಡಲು ಮೂರರಲ್ಲಿ ಯಾವುದು ಸರಿ ಅನ್ನುವುದನ್ನು ಮಾತ್ರ ಒಂದೇ ಒಲೆಯಲ್ಲಿ ಒಟ್ಟಿಗೆ ಸುಟ್ಟು ನೋಡಬಹುದು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಅಂಕ ಕೊಡುವ ಬದಲು, ಯಾವ ತಳಿ ಯಾವ ಅಡುಗೆಗೆ ಅಂತ ಬರೆದುಕೊಳ್ಳಿ. ಮುಂದಿನ ವರ್ಷ ಏನು ಬಿತ್ತಬೇಕು ಅನ್ನುವುದು ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಹುಳಿ, ಎಷ್ಟು ಸಲ ಪಲ್ಯ ಅನ್ನುವುದರ ಮೇಲೆ ತಾನಾಗಿ ತೀರ್ಮಾನ ಆಗುತ್ತದೆ.

ಬೀಜ ಹಿಡಿಯುವುದಾದರೆ

ಬದನೆ ಹೆಚ್ಚಾಗಿ ಸ್ವಂತ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ಆದರೂ ಮೂರು ತಳಿ ಅಕ್ಕಪಕ್ಕ ಇದ್ದಾಗ ದುಂಬಿಗಳು ಬೆರಕೆ ಮಾಡುತ್ತವೆ. ಶುದ್ಧ ಬೀಜ ಬೇಕಿದ್ದರೆ ನಾಳೆ ಅರಳುವಂತಿರುವ ಮೊಗ್ಗಿಗೆ ಇವತ್ತು ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಅರಳಿದ ಮೇಲೆ ಚೀಲದ ಮೇಲಿನಿಂದಲೇ ಎರಡು ಮೂರು ಬೆಳಗ್ಗೆ ತಟ್ಟಿ. ಹೀಚು ಕಂಡ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಇಲ್ಲದಿದ್ದರೆ ಯಾರಾದರೂ ಕಿತ್ತು ಸಾಂಬಾರಿಗೆ ಹಾಕಿಬಿಡುತ್ತಾರೆ.

ಆ ಕಾಯಿ ಗಿಡದಲ್ಲೇ ಹಳದಿಗೆ ತಿರುಗಿ ಮೆತ್ತಗಾಗಬೇಕು. ಕಿತ್ತು ಇನ್ನೊಂದು ವಾರ ಇಟ್ಟು, ತಿರುಳನ್ನು ನೀರಿನಲ್ಲಿ ಕಿವುಚಿ. ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ತೇಲುತ್ತದೆ. ತೊಳೆದು ನೆರಳಲ್ಲಿ ಒಣಗಿಸಿ, ಸ್ವಲ್ಪ ಬೂದಿ ಬೆರೆಸಿ ಗಾಜಿನ ಶೀಸೆಯಲ್ಲಿ ಹಾಕಿ, ತಳಿ ಹೆಸರು ಮತ್ತು ಇಸವಿ ಬರೆಯಿರಿ. ಸರಿಯಾಗಿ ಒಣಗಿದ ಬೀಜ ಮೂರು ವರ್ಷವಾದರೂ ಮೊಳೆಯುತ್ತದೆ.

ಗಿಡಗಳನ್ನು ಆಗಲೇ ಕಿತ್ತೆಸೆಯಬೇಡಿ. ನೆಲದಿಂದ ಒಂದು ಅಡಿ ಬಿಟ್ಟು ಕತ್ತರಿಸಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಕಾಯಿ ಬಿಡುತ್ತವೆ. ಈ ಕೂಳೆ ಬೆಳೆಯ ತೂಕವನ್ನೂ ಅದೇ ಪುಸ್ತಕದಲ್ಲಿ ಬೇರೆ ಪುಟಕ್ಕೆ ಬರೆಯಿರಿ, ಮೊದಲ ಬೆಳೆಯಲ್ಲಿ ಹಿಂದಿದ್ದ ತಳಿ ಎರಡನೆಯದರಲ್ಲಿ ಮುಂದೆ ಬರುವುದೂ ಉಂಟು.