ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಕೂತು ಫೈಲ್ ಕಳಿಸಿದ್ದು

ವರ್ಷಕ್ಕೆ ಎರಡು ಸಲ ದೆಹಲಿಯ ಅಕ್ಕನ ಮನೆಗೆ ಹೋಗುತ್ತೇನೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ನಡುವೆ ಪೂರ್ತಿ ಒಂದು ಹಗಲು. ಪುಸ್ತಕಗಳ ಪುಟ ವಿನ್ಯಾಸ ನನ್ನ ಕೆಲಸ. ಆ ಹಗಲು ನನಗೆ ರಜೆ ಅಂದರೆ ಪ್ರಕಾಶಕರು ಕೇಳಬೇಕಲ್ಲ!

ಮೊದಲ ಸಲ ಪೇಚಿಗೆ ಸಿಕ್ಕಿದ್ದೆ. ಸೋಲಾಪುರ ಬಿಟ್ಟ ಮೇಲೆ 180 ಎಂಬಿಯ ಪಿಡಿಎಫ್ ಅಪ್‌ಲೋಡ್‌ಗೆ ಹಾಕಿದೆ. ಮುಕ್ಕಾಲು ಪಾಲು ಹೋಗಿ ನಿಂತಿತು. ಮತ್ತೆ ಸೊನ್ನೆಯಿಂದ ಶುರು. ಹೀಗೆ ಮೂರು ಸಲ. ದಿನದ ಡೇಟಾ ಮುಗಿಯಿತು, ಫೈಲ್ ಹೋಗಲಿಲ್ಲ. ಎದುರು ಸೀಟಿನ ಹಿರಿಯರೊಬ್ಬರು ನನ್ನ ಒದ್ದಾಟ ನೋಡಿ, "ಸಿಗ್ನಲ್ ಕಡ್ಡಿ ಎಷ್ಟಿದೆ ಅಂತ ನೋಡ್ಬೇಡಪ್ಪ. ಒಂದ್ಸಲ ಏರೋಪ್ಲೇನ್ ಮೋಡ್ ಹಾಕಿ ತೆಗಿ" ಅಂದರು.

ಅವತ್ತಿಂದ ಅದೇ ಅಭ್ಯಾಸ. ರೈಲು ಓಡುವಾಗ ಫೋನು ಎಷ್ಟೋ ಸಲ ಹಿಂದೆ ಬಿಟ್ಟುಬಂದ ಟವರಿಗೇ ಜೋತುಬಿದ್ದಿರುತ್ತದೆ. ಆ ಮೋಡ್‌ಗೆ ಹಾಕಿ ತೆಗೆದರೆ ಹೊಸದಾಗಿ ಹುಡುಕುತ್ತದೆ. 5ಜಿ ಆಫ್ ಮಾಡಿ 4ಜಿಯಲ್ಲೇ ಇಡುತ್ತೇನೆ. ಇಲ್ಲದಿದ್ದರೆ ಎರಡರ ನಡುವೆ ಹಾರಾಡಿ ಬ್ಯಾಟರಿ ಸುಮ್ನೆ ಖಾಲಿ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇದ್ದರೆ ಒಂದಾದರೂ ಸಿಗುತ್ತದೆ. ಎಸಿ ಬೋಗಿಯಲ್ಲಿ ಫೋನನ್ನು ಕಿಟಕಿಗೆ ಒರಗಿಸಿ ಹಾಟ್‌ಸ್ಪಾಟ್ ಆನ್ ಮಾಡುತ್ತೇನೆ, ಲ್ಯಾಪ್‌ಟಾಪ್ ಎಲ್ಲಿದ್ದರೂ ನಡೆಯುತ್ತದೆ. ಸಿಗ್ನಲ್‌ಗಾಗಿ ಬಾಗಿಲಲ್ಲಿ ನೇತಾಡುವವರನ್ನು ಕಂಡರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಪವರ್ ಬ್ಯಾಂಕ್ ಬೇಕೇ ಬೇಕು. ರಾತ್ರಿ 11ರ ಮೇಲೆ ಬೋಗಿಯ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುವುದುಂಟು.

ದೊಡ್ಡ ಫೈಲನ್ನು ಈಗ ರೈಲು ಓಡುವಾಗ ಕಳಿಸುವುದೇ ಇಲ್ಲ. ನೋಡಲು ಸಾಕಾಗುವಷ್ಟು ಸಣ್ಣ ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕುತ್ತೇನೆ. ದೊಡ್ಡದು ರೈಲು ನಿಲ್ಲುವ ಮನಮಾಡ್‌ಗೋ ಭುಸಾವಳ್‌ಗೋ ಕಾಯುತ್ತದೆ. ಇನ್ನೊಂದು ಗಮನಿಸಿದ್ದೇನೆ: ಪ್ಲಾಟ್‌ಫಾರ್ಮ್‌ಗಿಂತ ಊರ ಹೊರಗೆ ಔಟರ್‌ನಲ್ಲಿ ನಿಂತಾಗ ನನಗೆ ಸ್ಪೀಡ್ ಜಾಸ್ತಿ ಸಿಕ್ಕಿದೆ. ಪ್ಲಾಟ್‌ಫಾರ್ಮ್‌ನಲ್ಲಿ ಇಡೀ ರೈಲೇ ಫೋನ್ ಹಿಡಿದಿರುತ್ತದೆ, ಅಲ್ವಾ? ಸ್ಟೇಷನ್‌ನ ರೈಲ್‌ವೈರ್ ವೈಫೈ ದಿನಕ್ಕೆ ಅರ್ಧ ಗಂಟೆ ಉಚಿತ. ಅದನ್ನು ರೈಲಿಗೆ ಕಾಯುವಾಗ ಬಳಸುತ್ತೇನೆ. ಐದು ನಿಮಿಷದ ನಿಲುಗಡೆಯಲ್ಲಿ ಅದರ ಲಾಗಿನ್ ಒಟಿಪಿಗೆ ಕಾಯುತ್ತ ಕೂರಲು ಹೊತ್ತೆಲ್ಲಿ?

ಮುಂದಿನ ಊರು ಎಷ್ಟು ದೂರ ಅಂತ ತಿಳಿಯಲು 'ವೇರ್ ಈಸ್ ಮೈ ಟ್ರೈನ್' ಆ್ಯಪ್ ಸಾಕು. ಇಂಟರ್‌ನೆಟ್ ಇಲ್ಲದಿದ್ದರೂ ಟವರ್ ನೋಡಿಯೇ ರೈಲು ಎಲ್ಲಿದೆ ಅಂತ ಹೇಳುತ್ತದೆ. ನಮ್ಮ ಬೆಂಗಳೂರಿನವರೇ ಮಾಡಿದ್ದು, 2018ರಲ್ಲಿ ಗೂಗಲ್ ಕೊಂಡಿತು.

ವಾಪಸ್ ಬರುವಾಗ ಭೋಪಾಲ್ ದಾಟಿದ ಮೇಲೆ ಬರ್ಖೇಡಾ–ಬುಧ್ನಿ ಘಾಟ್. ಕಾಡು, ಸುರಂಗ. ಅಲ್ಲಿ ನೆಟ್‌ವರ್ಕ್ ಆಸೆ ಬಿಟ್ಟು, ಮೊದಲೇ ಇಳಿಸಿಕೊಂಡ ಪ್ರೂಫ್ ಓದುತ್ತೇನೆ. ಕಳೆದ ಸಲ ಅಲ್ಲೇ ಚಹಾ ತೆಗೆದುಕೊಂಡೆ. ಜೇಬಲ್ಲಿ ಚಿಲ್ಲರೆ ಇಲ್ಲ, ಯುಪಿಐ ಸುತ್ತುತ್ತಲೇ ಇತ್ತು. ಚಹಾದವನು ನನ್ನ ಫೋನಿನ ಕಡೆ ನೋಡಲೂ ಇಲ್ಲ. "ಇಟಾರ್ಸಿಯಲ್ಲಿ ಬಂದು ಇಸ್ಕೋತೀನಿ" ಅಂತ ಹಿಂದಿಯಲ್ಲಿ ಹೇಳಿ ಮುಂದಿನ ಬೋಗಿಗೆ ಹೋದ.