ಇಬ್ಬರು ಬ್ರೋಕರುಗಳು, ಅಜ್ಜನ ಒಂದು ಆಧಾರ

ಕಾಸರಗೋಡಿನ ಕುಂಬಳೆ–ಬದಿಯಡ್ಕ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಹಂಚಿನ ಮನೆ ಇತ್ತು. 22 ಸೆಂಟ್ಸ್ ಜಾಗ, ಮೇ ತಿಂಗಳಲ್ಲೂ ಬತ್ತದ ಬಾವಿ. ಶಾಲೆಯಿಂದ ನಿವೃತ್ತನಾಗಿ ಮಂಗಳೂರಿನಲ್ಲಿ ಮಗನ ಜೊತೆ ಇರಲು ಶುರುಮಾಡಿದ ಮೇಲೆ ಮಾರುವುದೆಂದು ತೀರ್ಮಾನಿಸಿದೆವು.

ಮೊದಲ ಬ್ರೋಕರ್ ಪೇಟೆಯ ಚಾದಂಗಡಿಯಲ್ಲಿ ಸಿಕ್ಕಿದವರು. "ಮಾಷ್ಟ್ರೇ, ನಿಮ್ಮ ಕೈಗೆ 34 ಲಕ್ಷ ಬಂದರೆ ಸಾಕಲ್ವಾ? ಕಮಿಷನ್ ಏನೂ ಬೇಡ" ಅಂದರು. ನನಗೂ ಖುಷಿಯಾಯಿತು, ಕೀಲಿಕೈ ಕೊಟ್ಟೆ. ಒಂದು ಭಾನುವಾರ ಯಾರಿಗೂ ಹೇಳದೆ ಅಂಗಳ ಗುಡಿಸಲು ಹೋಗಿದ್ದಾಗ ಗಲ್ಫಿನಿಂದ ರಜೆಗೆ ಬಂದ ಒಂದು ಕುಟುಂಬ ಮನೆ ನೋಡಲು ಬಂತು. ಆ ಹೆಂಗಸು ಕೇಳಿದ್ದು, "39 ಜಾಸ್ತಿ ಆಯಿತು ಮಾಷೇ, ಸ್ವಲ್ಪ ಕಡಿಮೆ ಮಾಡಿ." ಕಮಿಷನ್ ಯಾಕೆ ಬೇಡ ಅಂತ ಆಗ ತಿಳಿಯಿತು. 34ರ ಮೇಲೆ ಬರುವ 5 ಲಕ್ಷ ಅವರದ್ದು! ನಮ್ಮ ಕಡೆ ಇದು ಹೊಸದೇನಲ್ಲ, ನೆಟ್ ರೇಟ್ ಅಂತಲೇ ಕರೆಯುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ, ಆ ಕುಟುಂಬದ ಎದುರು ನಾನೇ ದುರಾಸೆಯವನ ಹಾಗೆ ಕಂಡದ್ದಕ್ಕೆ. ಆ ಕುಟುಂಬ ಮತ್ತೆ ಬರಲೇ ಇಲ್ಲ.

ಎರಡನೆಯವರ ಹತ್ತಿರ ಮೊದಲೇ ಮಾತಾಡಿದೆ. 2 ಶೇಕಡಾ ಕೊಡುತ್ತೇನೆ, ಕರಾರಿನ ದಿನ ಅರ್ಧ, ರಿಜಿಸ್ಟ್ರಿ ದಿನ ಇನ್ನರ್ಧ. ರೇಟಿನ ಮಾತು ಮಾತ್ರ ನಾನು, ಕೊಳ್ಳುವವರು ಎದುರುಬದುರು ಕೂತೇ ಆಗಬೇಕು. ಆ ಮನುಷ್ಯ ಒಪ್ಪಿದರು. ಎರಡು ತಿಂಗಳಲ್ಲಿ ಪಯ್ಯನೂರಿನ ಒಬ್ಬರು 37 ಲಕ್ಷಕ್ಕೆ ಒಪ್ಪಿದರು. ಕೇರಳದಲ್ಲಿ ಕೊಳ್ಳುವವರಿಗೆ ಮುದ್ರಾಂಕ 8 ಶೇಕಡಾ, ನೋಂದಣಿ 2 ಶೇಕಡಾ, ಅಂದರೆ 3 ಲಕ್ಷ 70 ಸಾವಿರ ಬೇರೆಯೇ. "ಆಧಾರದಲ್ಲಿ 25 ಬರೆಯುವ, ಉಳಿದದ್ದು ಕೈಯಲ್ಲಿ" ಎಂಬ ಮಾತು ಬಂದೇ ಬಂತು. (ಆಧಾರ ಅಂದರೆ ಕಾರ್ಡಲ್ಲ, ನಮ್ಮಲ್ಲಿ ಕ್ರಯಪತ್ರಕ್ಕೆ ಹಾಗೆ ಹೇಳುವುದು.) ಆಗಲಿಲ್ಲ ಅಂದೆ. ಜಾಗದ ಹಣ 20 ಸಾವಿರವೋ ಅದಕ್ಕಿಂತ ಜಾಸ್ತಿಯೋ ನಗದಾಗಿ ತೆಗೆದುಕೊಂಡರೆ ಆದಾಯ ತೆರಿಗೆಯವರು ತೆಗೆದುಕೊಂಡಷ್ಟೇ ದಂಡ ಹಾಕಬಹುದು. ಪಿಂಚಣಿಯವನಿಗೆ ಯಾಕೆ ಬೇಕು ಆ ತಲೆನೋವು?

ನಿಜವಾದ ತೊಡಕು ಬಂದದ್ದು ಆಮೇಲೆ. ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಹಾಕಿದ್ದರು. ತೀರ್ವೆ (ಜಾಗದ ತೆರಿಗೆ) ರಶೀದಿ, ಜಾಗದ ಮೇಲೆ ಸಾಲ ಇಲ್ಲ ಎಂದು ತೋರಿಸುವ ಕುಡಿಕಡ ಸರ್ಟಿಫಿಕೇಟ್ ಎಲ್ಲ ನಾನು ಮೊದಲೇ ಮಾಡಿಸಿಟ್ಟಿದ್ದೆ. ಆದರೆ ಬ್ಯಾಂಕಿನ ವಕೀಲರು ಅಡಿ ಆಧಾರ ಕೇಳಿದರು. (ಆಧಾರ ಅಂದರೆ ಕಾರ್ಡಲ್ಲ, ನಮ್ಮಲ್ಲಿ ಕ್ರಯಪತ್ರಕ್ಕೆ ಹಾಗೆ ಹೇಳುವುದು.) ಅದು 1951ರಲ್ಲಿ ಅಜ್ಜ ಮಾಡಿಸಿದ್ದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅಜ್ಜನ ಕಾಲಕ್ಕೆ ನಾವು ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ರಾಜ್ಯ. ಹಾಗಾಗಿ ಇಡೀ ಆಧಾರ ಕನ್ನಡದಲ್ಲಿ, ಅದೂ ಚುಕ್ಕಿಯಿಲ್ಲದೆ ಸಾಲಿಗೆ ಸಾಲು ಕೂಡಿಸಿದ ಕೈಬರಹದಲ್ಲಿ. ವಕೀಲರಿಗೆ ಒಂದಕ್ಷರ ಓದಲು ಬಾರದು. ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು, ಮಲೆಯಾಳಕ್ಕೆ ಮಾಡಿಕೊಡುತ್ತೇನೆ ಅಂದೆ. ನಡೆಯುವುದಿಲ್ಲವಂತೆ, ಯಾಕೆಂದರೆ ಮಾರುವವನೂ ನಾನೇ!

ಬ್ರೋಕರ್ ತಮ್ಮ 2 ಶೇಕಡಾ ಸಂಪಾದಿಸಿದ್ದು ಇಲ್ಲಿ. ಆಧಾರ ಬರೆಯುವ ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಹಿರಿಯರನ್ನು ಹುಡುಕಿ ತೆಗೆದರು. ಎರಡೂ ಭಾಷೆ ಗೊತ್ತಿದ್ದವರು. ಮೂಡು ತೋಡು, ತೆಂಕು ಅಗಳು (ಕಂದಕ) ಎಂದು ಬರೆದಿದ್ದ ಗಡಿಗಳನ್ನು ಈಗಿನ ಸ್ಕೆಚ್ಚಿನ ಜೊತೆ ಇಟ್ಟು ನೋಡಿದರು. ಅಗಳು ಎಂದಿದ್ದ ಕಡೆ ಈಗ ಪಂಚಾಯತು ರಸ್ತೆ. ಅದನ್ನು ವಿವರಿಸಲು ವಕೀಲರ ಆಫೀಸಿಗೆ ಬ್ರೋಕರ್ ಮೂರು ಸಲ ಓಡಿದರು. ನಾನು ಮಂಗಳೂರಿನಲ್ಲಿ ಕೂತು ಫೋನು ಮಾಡುತ್ತಿದ್ದೆ ಅಷ್ಟೇ.

ರಿಜಿಸ್ಟ್ರಿ ದಿನ ಮೊದಲ ಬ್ರೋಕರೂ ಬಂದು ನಿಂತಿದ್ದರು, ಜಾಗವನ್ನು ಮೊದಲು ತೋರಿಸಿದ್ದು ತಾವೇ ಅಂತ. ಚಾ ಕುಡಿಸಿ ಕಳಿಸಿದೆ. ಎರಡನೆಯವರಿಗೆ ಉಳಿದ 37 ಸಾವಿರ ಅಲ್ಲೇ ಗೂಗಲ್ ಪೇ ಮಾಡಿದೆ. ತೀರ್ವೆ ತಮ್ಮ ಹೆಸರಿಗೆ ಆದ ಮೇಲೆ ರಶೀದಿಯ ಫೋಟೋ ಕಳಿಸಿ ಅಂತ ಕೊಂಡವರಿಗೆ ಹೇಳಿದ್ದೆ, ಕಳಿಸಿದರು. ಅಜ್ಜನ ಆಧಾರ ಈಗ ಬ್ಯಾಂಕಿನ ಕಪಾಟಿನಲ್ಲಿದೆ, ಅದರ ಜೆರಾಕ್ಸ್ ಒಂದು ನನ್ನ ಹತ್ತಿರ ಉಂಟು.