ಸಂಬಳದಾಚೆ ಕೆಲಸದಲ್ಲಿ ಖುಷಿ ಹುಡುಕುವುದು ಹೇಗೆ?

ನಾನು ಉಡುಪಿಯ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವವಳು. "ದಿನಾ ಇದೇ ಕೆಲಸ, ಉದಾಸೀನ ಆಗುದಿಲ್ವಾ ಅಕ್ಕಾ?" ಅಂತ ಹೊಸ ಹುಡುಗಿಯರು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಮೊದಲು, ನಿಮ್ಮ ಕೆಲಸ ಕೊನೆಗೆ ಯಾರ ಕೈ ಸೇರುತ್ತದೆ ನೋಡಿ. ನಮ್ಮಲ್ಲಿಗೆ ಬರುವ ಎಷ್ಟೋ ಅಜ್ಜಿಯರಿಗೆ ಓದಲು ಬರುವುದಿಲ್ಲ. ಹಾಗಾಗಿ ಕವರಿನ ಮೇಲೆ ಬೆಳಿಗ್ಗೆಯ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬಿಡಿಸುತ್ತೇನೆ. ಊಟಕ್ಕೆ ಮೊದಲಾದರೆ ಖಾಲಿ ಬಟ್ಟಲು, ಊಟ ಆದ ಮೇಲಾದರೆ ಅನ್ನ ತುಂಬಿದ ಬಟ್ಟಲು. ನಂತರ ಅವರ ಬಾಯಿಂದಲೇ ಒಮ್ಮೆ ಹೇಳಿಸುತ್ತೇನೆ. ಅರ್ಧ ನಿಮಿಷ ಸಾಕು. ಯಾರೂ ಹೇಳಿ ಮಾಡಿಸಿದ್ದಲ್ಲ, ಅದಕ್ಕೇ ನನಗದು ಅಷ್ಟು ಇಷ್ಟ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಒಳಗಿನ ಹುರುಪಿಗೆ ಮೂರು ಬೇಕು ಅನ್ನುತ್ತಾರೆ: ಸ್ವಂತ ಇಷ್ಟದಿಂದ ಮಾಡುವ ಅವಕಾಶ, ಕೈ ಪಳಗುತ್ತಿದೆ ಎಂಬ ಭರವಸೆ, ಜನರ ಜೊತೆ ನಂಟು. ನಿಮ್ಮಲ್ಲಿ ಯಾವುದು ಕಡಿಮೆಯೋ ಅಲ್ಲಿಂದ ಶುರು ಮಾಡಿ. ನಂಟು ಕಡಿಮೆ ಅನಿಸಿದರೆ, "ಹೋದ ಸಲ ಕೊಟ್ಟದ್ದು ಸರಿಯಾಯ್ತಾ?" ಅಂತ ಗಿರಾಕಿಯನ್ನು ಕೇಳಿ.

ಮಂಗಳೂರಿನ ಹರೇಕಳ ಹಾಜಬ್ಬರು ಗೊತ್ತಲ್ವಾ? ಕಿತ್ತಳೆ ಮಾರಿದ ದುಡ್ಡು ಕೂಡಿಸಿ ಊರಿಗೆ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು. ಅವರ ವಿಷಯ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಆದರೆ "ಸೇವೆ" ಅಂತ ಹೇಳಿ ಸಂಬಳ ಕಡಿಮೆ ಮಾಡಲು ಬಿಡಬೇಡಿ. ಮನೆ ಬಾಡಿಗೆ, ಮಕ್ಕಳ ಫೀಸಿನ ಚಿಂತೆ ತಲೆಯಲ್ಲಿದ್ದರೆ ಸೂರ್ಯ ಚಂದ್ರ ಬಿಡಿಸುವ ಮನಸ್ಸೇ ಬರುವುದಿಲ್ಲ. ನ್ಯಾಯವಾಗಿ ಸಿಗಬೇಕಾದದ್ದನ್ನು ಬಾಯಿಬಿಟ್ಟು ಕೇಳಿ.